ಚೈನಿನ ಹಿಂದಿನ ದಿಮ್ಮಿ

ಖಾರಘರ ಎಂಬ ಊರಿನ ಗುಡ್ಡದಡಿ ನೆಲ ಸಮ ಮಾಡಲು ನನ್ನಣ್ಣ, ಗಾಲಿಯ ಬದಲು ಉಕ್ಕಿನ ಚೈನಿನ ಮೇಲೆ ಉರುಳುವ ಹಳೆಯ ಚೈನ್ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಇಳಿಜಾರಿನಲ್ಲಿ ಅದರ ಬ್ರೇಕ್ ಹಿಡಿಯುತ್ತಿರಲಿಲ್ಲ. ನಿಲ್ಲಿಸಿದಾಗಲೆಲ್ಲ ಅದು ಹಿಂದಕ್ಕೆ ಜಾರದಂತೆ ಚೈನಿನ ಹಿಂದೆ ಮರದ ದಿಮ್ಮಿ ಕೊಡುವುದು ನನ್ನ ಕೆಲಸವಾಗಿತ್ತು. ಆ ದಿನ ನಾನು ಮೊಬೈಲ್ ನೋಡುತ್ತಿದ್ದೆ.

“ದಿಮ್ಮಿ ಕೊಟ್ಟಿಯೇನಲೇ?” ಅಣ್ಣ ಟ್ರ್ಯಾಕ್ಟರ್ ನಿಲ್ಲಿಸಿ ಸೀಟಿನ ಮೇಲಿಂದ ಕೂಗಿದ.

“ಕೊಟ್ಟೇನಪಾ, ಎಷ್ಟ ಸಲ ಕೇಳ್ತಿ?” ಅಂದೆ. ದಿಮ್ಮಿ ಇನ್ನೂ ದೂರದಲ್ಲಿ ಬಿದ್ದಿತ್ತು.

ಅವನು ಇಳಿದು, ಚೈನಿಗೆ ಸಿಕ್ಕಿದ್ದ ಕಲ್ಲು ಕೀಳಲು ಟ್ರ್ಯಾಕ್ಟರಿನ ಹಿಂದೆ ಬಗ್ಗಿದ. ನಿಜ ಹೇಳಿದರೆ ಬೈಯುತ್ತಾನೆಂದು ನಾನು ಸುಮ್ಮನೆ ದಿಮ್ಮಿ ತರಲು ಓಡಿದೆ. ತಿರುಗಿದಾಗ ಟ್ರ್ಯಾಕ್ಟರ್ ಜಾರಿತ್ತು. ಅಣ್ಣನ ಬಲಗೈ ಚೈನಿನಡಿ ಇತ್ತು.

“ಮುದಿ ಗಾಡಿ, ತಮ್ಮ ಕೊಟ್ಟ ದಿಮ್ಮಿನೂ ದಾಟಿ ಬಂತು ನೋಡ್ರಿ,” ಎಂದು ಈಗಲೂ ಮನೆಗೆ ಬಂದವರಿಗೆ ಅಣ್ಣ ಎಡಗೈಯಲ್ಲಿ ಉಣ್ಣುತ್ತ ಹೇಳುತ್ತಾನೆ. ನಾನು ಪಕ್ಕದಲ್ಲಿ ಕೂತು ಹೂಂ ಅನ್ನುತ್ತೇನೆ.