ಗೋಡೆಗೆ ಅಂಟಿಸಿದ ಪಥ್ಯದ ಕಾಗದ

ಬೆಣ್ಣೆ ಕದ್ದವಳು ನೀನಲ್ಲ ಎಂಬುದು ನನಗೆ ಆ ದಿನ ಮಧ್ಯಾಹ್ನವೇ ಗೊತ್ತಾಗಿತ್ತು, ಅಕ್ಕಾ. ಗೊತ್ತಾದ ಮೇಲೂ ಸುಮ್ಮನಿದ್ದೆ. ಸುಮ್ಮನಿದ್ದೆ ಎಂದರೂ ಪೂರ್ತಿ ನಿಜ ಹೇಳಿದಂತಾಗಲಿಲ್ಲ — ನಿನ್ನನ್ನು ಉಳಿಸಬಹುದಾಗಿದ್ದ ಒಂದೇ ಒಂದು ಸಾಕ್ಷಿಯನ್ನು ನನ್ನ ಕೈಯಾರೆ ಅಳಿಸಿದೆ.

ಹನ್ನೆರಡು ವರ್ಷವಾಯಿತು. ಹೋದ ತಿಂಗಳು ಮಾವನ ವರ್ಷದ ತಿಥಿಗೆ ಬಂದವರು ಎಲೆಯ ಮುಂದೆ ಕೂತು ಮತ್ತೆ ಅದೇ ಮಾತಾಡಿದರು. ಹೊಟ್ಟೆ ಕೊಯ್ಸಿಕೊಂಡ ಮನುಷ್ಯ ಹನ್ನೊಂದು ವರ್ಷ ಬದುಕಿದ್ದು ಕಿರಿ ಸೊಸೆಯ ಇಂಗ್ಲಿಷಿನಿಂದ ಅಂತೆ. ಹಿರಿ ಸೊಸೆ ನೀನು ಸಾರಿನ ಪಾತ್ರೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ನಾನು ತಲೆ ತಗ್ಗಿಸಿದೆ. ಅದನ್ನೂ ಅವರು ವಿನಯ ಎಂದುಕೊಂಡರು.

ಆ ಬೆಳಿಗ್ಗೆ ಎಲ್ಲ ಬೆಳಿಗ್ಗೆಗಳಂತೆಯೇ ಇತ್ತು. ಬೀದಿಯ ಮಗ್ಗಗಳು ಒಂದೊಂದಾಗಿ ಸದ್ದು ಶುರು ಮಾಡಿದ್ದವು; ನಮ್ಮ ನಡುಮನೆಯ ಎರಡು ಮಗ್ಗಗಳಿಗೆ ಭಾವ ಇನ್ನೂ ಕೈ ಹಚ್ಚಿರಲಿಲ್ಲ. ನೀನು ಹಸು ಕರೆದು ನೊರೆ ಇಳಿಯುವ ಮೊದಲೇ ಚೊಂಬು ತಂದಿಟ್ಟೆ. ಕೊಟ್ಟಿಗೆ ನಿನ್ನದು, ಹಾಲು ನನ್ನದು — ಮಾವ ಆಸ್ಪತ್ರೆಯಿಂದ ಬಂದ ಮೇಲೆ ಹಾಗೆಂದು ನಾನೇ ತೀರ್ಮಾನಿಸಿದ್ದೆ. ತೆಳು ಬಟ್ಟೆಯಲ್ಲಿ ಸೋಸಿ, ಕಾಯಿಸಿ, ಅಗಲ ತಟ್ಟೆಯ ನೀರಿನಲ್ಲಿ ಪಾತ್ರೆ ಇಟ್ಟು ಆರಿಸುತ್ತಿದ್ದೆ. ಕೆನೆ ಕಟ್ಟಿದ ಮೇಲೆ ಚಪ್ಪಟೆ ಸೌಟಿನಿಂದ ಅಂಚು ಬಿಡಿಸಿ, ಎಲ್ಲೂ ಹರಿಯದ ಹಾಗೆ, ಒಂದೇ ಹಾಳೆಯಾಗಿ ಎತ್ತುತ್ತಿದ್ದೆ. ಆ ಕೈಚಳಕದ ಬಗ್ಗೆ ನನಗೆ ಹೆಮ್ಮೆ ಇತ್ತು. ಈಗಲೂ ಇದೆ, ಸುಳ್ಳು ಹೇಳಲಾರೆ. ಉಳಿದ ಹಾಲು ಲೋಟದ ಅಂಚಿನಲ್ಲಿ ತುಸು ನೀಲಿಯಾಗಿ ಕಾಣುತ್ತಿತ್ತು. ಅದಕ್ಕೆ ಎರಡು ಚಮಚ ಸಕ್ಕರೆ. ಅದು ಮಾವನಿಗೆ, ದಿನಕ್ಕೆ ಆರು ಸಲ.

ಮಾವ ಹೇಗಿದ್ದವರು! ಜಗುಲಿಯ ಕಂಬಕ್ಕೆ ಒರಗಿದರೆ ಕಂಬವೇ ಕಾಣುತ್ತಿರಲಿಲ್ಲ. ಹುಣ್ಣಿನ ನೋವು ತಡೆಯಲಾರದೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಸೇರಿಸಿದಾಗ ಹೊಟ್ಟೆಯ ಮುಕ್ಕಾಲು ಭಾಗ ತೆಗೆದುಬಿಟ್ಟರು. ಮನೆಗೆ ಬಂದಾಗ ಪಂಚೆ ಸೊಂಟಕ್ಕೆ ಇನ್ನೊಂದು ಸುತ್ತು ಬರುತ್ತಿತ್ತು. ಬೆರಳಿನ ಉಂಗುರಕ್ಕೆ ನೂಲು ಸುತ್ತಿ ನಿಲ್ಲಿಸಿಕೊಂಡಿದ್ದರು. ಅವರ ಜೊತೆ ಬಂದದ್ದು ಆ ಕಾಗದ.

ನಿನಗೆ ನೆನಪಿದೆಯಲ್ಲ ಅಕ್ಕಾ, ಎಲ್ಲರೂ ನನ್ನ ಸುತ್ತ ನಿಂತಿದ್ದಿರಿ. ಮುಂಬದಿಯಲ್ಲಿ ಟೈಪು ಮಾಡಿದ ಇಂಗ್ಲಿಷು. ನಾನು ಕಾನ್ವೆಂಟಿನಲ್ಲಿ ಪಾಠ ಒಪ್ಪಿಸುತ್ತಿದ್ದಂತೆ ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದೆ — ಸ್ವಲ್ಪ ಸ್ವಲ್ಪವಾಗಿ ಆರು ಹೊತ್ತು, ಕೆನೆ ತೆಗೆದ ಹಾಲು, ತುಪ್ಪ ಬೆಣ್ಣೆ ಬೇಡ. ಭಾವನಂಥ ಭಾವ ಕೈಕಟ್ಟಿ ನಿಂತು ಕೇಳಿದರು. ಮದುವೆಯಾಗಿ ಬಂದ ನಾಲ್ಕು ವರ್ಷದಲ್ಲಿ ಆ ಮನೆಯಲ್ಲಿ ನನ್ನ ಮಾತನ್ನು ಯಾರೂ ಹಾಗೆ ಕೇಳಿರಲಿಲ್ಲ.

ಹಿಂಬದಿಯಲ್ಲಿ ಡಾಕ್ಟರು ಕೈಯಲ್ಲೇ ಗೀಚಿದ ಏಳೆಂಟು ಸಾಲು ಇತ್ತು. ಇರುವೆ ಮಸಿಯಲ್ಲಿ ಬಿದ್ದೆದ್ದು ಹರಿದಾಡಿದ ಹಾಗೆ. ಒಂದು ಪದವೂ ನನಗೆ ಬಿಡಿಸಲಾಗಲಿಲ್ಲ.

"ಹಿಂದ್ಗಡೆ ಏನೈತಮ್ಮ?" ಎಂದರು ಭಾವ.

"ಅದೇ ಭಾವ, ಬೇರೆ ಏನಿಲ್ಲ," ಎಂದೆ.

ಅಷ್ಟೇ. ಓದಲು ಬರಲಿಲ್ಲ ಎಂದಿದ್ದರೆ — ಇವರು ತಾಲ್ಲೂಕು ಕಚೇರಿಯಲ್ಲಿ ಯಾರಿಗಾದರೂ ತೋರಿಸಿಕೊಂಡು ಬರುತ್ತಿದ್ದರು. ನಾನು ಹಾಗೆನ್ನಲಿಲ್ಲ. ನೂಲಿಗೆ ಹಾಕಲು ಕಾಯಿಸಿಟ್ಟಿದ್ದ ಗಂಜಿಯನ್ನು ಬೆರಳಲ್ಲಿ ತೆಗೆದು, ನಾಲ್ಕೂ ಅಂಚಿಗೆ ಸವರಿ, ಹಾಲಿನ ಗೂಡಿನ ಪಕ್ಕದ ಗೋಡೆಗೆ ಅಂಟಿಸಿಬಿಟ್ಟೆ. ಗೆರೆ ಎಳೆದಷ್ಟು ನೇರವಾಗಿ.

ಒಂದೂವರೆ ತಿಂಗಳು ಕಳೆಯಿತು. ನನ್ನ ಹಾಲು ಕುಡಿದು ಕಾಲು ಗಂಟೆಯೊಳಗೆ ಮಾವನ ಹಣೆಯಲ್ಲಿ ಬೆವರು ಮೂಡುತ್ತಿತ್ತು, ಎದೆ ಡವಗುಟ್ಟುತ್ತಿತ್ತು, ಮಲಗಿಬಿಡುತ್ತಿದ್ದರು. ನಾನು ಅದನ್ನು ನಿಶ್ಶಕ್ತಿ ಎಂದುಕೊಂಡು ಇನ್ನೊಂದು ಚಮಚ ಸಕ್ಕರೆ ಹಾಕುತ್ತಿದ್ದೆ. ನೀನು ನೋಡಿದೆ. ಎರಡು ದಿನ ಬಾಗಿಲಲ್ಲಿ ನಿಂತು ನೋಡಿ, ಮೂರನೆಯ ದಿನ ನನ್ನ ಹತ್ತಿರ ಬಂದೆ.

"ವಿಮಲಾ, ಆ ನೀರಾಲು ಕುಡಿದ್ ತಕ್ಷಣ್ವೇ ಮಾವ ಬೆವರ್ತಾರೆ ಕಣೇ. ವಸಿ ಕೆನೆ ಇರ್ಲಿ ಬಿಡು. ಹೊಟ್ಟೇಲಿ ನಿಲ್ಲೋಂಥದ್ದು ಏನಾರ ಬೇಕಲ್ವಾ?"

ನಾನು ಗೋಡೆಯ ಕಾಗದವನ್ನು ಉಗುರಿನಿಂದ ತಟ್ಟಿದೆ. "ಇಲ್ಲಿ ಬರೆದಿದೆ ಅಕ್ಕ."

ನೀನು ಕಾಗದ ನೋಡಿದೆ, ನನ್ನ ಮುಖ ನೋಡಿದೆ, ಕೊಟ್ಟಿಗೆಗೆ ಹೋದೆ.

ಅದಾದ ಮೇಲೆ ಒಂದು ತಿಂಗಳಲ್ಲಿ ಮಾವ ಚೇತರಿಸಿಕೊಳ್ಳತೊಡಗಿದರು. ಕುತ್ತಿಗೆಯ ಮೂಳೆಯ ಗುಳಿ ತುಂಬುತ್ತಾ ಬಂತು. ಬೆಳಿಗ್ಗೆ ಹೊತ್ತು ಎದ್ದು ಬೀದಿಯ ಕೊನೆಯ ತನಕ ನಡೆದು ಬರುತ್ತಿದ್ದರು. ತೂಕ ನೋಡಿದ ಡಾಕ್ಟರು, ಮನೆಯಲ್ಲಿ ಯಾರೋ ಶ್ರದ್ಧೆಯಿಂದ ನೋಡಿಕೊಳ್ಳುತ್ತಿದ್ದಾರೆ ಎಂದರಂತೆ. ಇವರು ಅದನ್ನು ಬಸ್ಸಿಳಿದು ಬಂದವರೇ ಹೇಳಿದಾಗ ನಾನು ಅಡುಗೆಮನೆಗೆ ಹೋಗಿ ಒಬ್ಬಳೇ ನಕ್ಕೆ.

ಮತ್ತೆ ಆ ಬೆಳಿಗ್ಗೆಗೆ ಬರುತ್ತೇನೆ. ಹಿಂದಿನ ದಿನ ಕಡೆದ ಬೆಣ್ಣೆಯನ್ನು ಐದು ಉಂಡೆ ಮಾಡಿ, ಕಾನ್ವೆಂಟಿನಲ್ಲಿ ಕಲಿಸಿದ್ದಂತೆ ಚಮಚದ ಬೆನ್ನಿನಿಂದ ಗೀರು ಎಳೆದು ಉಗ್ರಾಣದ ನೀರಿನ ಗಡಿಗೆಯಲ್ಲಿ ಬಿಟ್ಟಿದ್ದೆ. ಮುಚ್ಚಳ ತೆಗೆದರೆ ನಾಲ್ಕು. ಕೆಲವು ವಾರಗಳಿಂದ ಕಾಯಿಸಿದ ತುಪ್ಪ ಕಮ್ಮಿ ಬರುತ್ತಿದ್ದದ್ದೂ ನೆನಪಾಯಿತು. ಉಗ್ರಾಣದ ಬೀಗದ ಕೈ ನಿನ್ನ ಸೊಂಟದಲ್ಲಿತ್ತು — ಹಿರಿ ಸೊಸೆ, ಅತ್ತೆ ಸಾಯುವ ಮೊದಲು ಕೊಟ್ಟದ್ದು.

ನಾನು ಕೂಗಾಡಲಿಲ್ಲ. ನನ್ನದು ಮೆಲ್ಲನೆಯ ದನಿ ಎಂದು ಎಲ್ಲರೂ ಹೊಗಳುತ್ತಾರೆ. ಭಾವ ಮುದ್ದೆಗೆ ಕೂತಿದ್ದಾಗ, ಇವರೂ ಪಕ್ಕದಲ್ಲಿದ್ದಾಗ, ಆ ಮೆಲ್ಲನೆಯ ದನಿಯಲ್ಲೇ ಹೇಳಿದೆ — "ದಿನಾ ಒಂದೊಂದು ಉಂಡೆ ಹೋಗ್ತಿದೆ ಅಕ್ಕ. ಬೀಗ ಹಾಕಿದ್ದೇ ಇದೆ."

ನೀನು ಮುದ್ದೆ ಕೋಲು ಕೆಳಗಿಟ್ಟೆ.

"ನಾನೇ ತಿಂದೆ," ಎಂದೆ ನೀನು. "ಆಸೆ ತಡ್ಕೊಳ್ಳಕ್ಕಾಗ್ಲಿಲ್ಲ."

ಭಾವನ ಕೈಯ ತುತ್ತು ತಟ್ಟೆಗೆ ಬಿತ್ತು. "ಥೂ! ಮನೇಲಿ ಹಿರೇರು ಹೊಟ್ಟೆ ಕೊಯ್ಸ್ಕೊಂಡು ಸಪ್ಪೆ ತಿಂತಾವ್ರೆ, ನಿಂಗೆ ಬೆಣ್ಣೆ ಬೇಕಾಯ್ತೇನೇ? ಕೇಳಿದ್ರೆ ಯಾರಾನ ಬ್ಯಾಡ ಅಂತಿದ್ರಾ? ಬಿಚ್ಚು ಬೀಗದ್ ಕೈಯಾ. ಕೊಡು ಆ ಹುಡುಗಿಗೆ."

ನೀನು ಬಿಚ್ಚಿ ಕೊಟ್ಟೆ. ನಿನ್ನ ಮೈಯ ಬಿಸಿ ಇನ್ನೂ ಅದರಲ್ಲಿತ್ತು. ನಾನು ತೆಗೆದುಕೊಂಡೆ. ಮಾವ ಅಷ್ಟು ಹೊತ್ತಿಗೆ ನಡೆಯಲು ಹೋಗಿದ್ದರು. ಕಾಯಿಲೆಯವರ ಕಿವಿಗೆ ಈ ವಿಷಯ ಹಾಕಬಾರದೆಂದು ಭಾವ ಎಲ್ಲರಿಗೂ ಹೇಳಿದರು. ಹಾಗಾಗಿ ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಮಧ್ಯಾಹ್ನ ಹಾಲಿನ ಲೋಟ ಹಿಡಿದು ಮಾವನ ಕೋಣೆಗೆ ಹೋದೆ. ಅವರು ನಿದ್ದೆಯಲ್ಲಿದ್ದರು. ಮಂಚದ ಕೆಳಗೆ, ದಿನಾ ಬೆಳಿಗ್ಗೆ ನೀನು ಕಾಯಿಸಿ ಕೊಡುತ್ತಿದ್ದ ರಾಗಿ ಅಂಬಲಿಯ ಬಟ್ಟಲು ಇತ್ತು. ಆ ಬಟ್ಟಲನ್ನು ನೀನು ಯಾವತ್ತೂ ಯಾರ ಕೈಗೂ ಕೊಡದೆ ಆಗಿಂದಾಗಲೇ ತೊಳೆದಿಡುತ್ತಿದ್ದೆ. ಆ ಒಂದು ದಿನ ಮಾತ್ರ ಬಿಟ್ಟುಹೋಗಿತ್ತು. ಎತ್ತಿದೆ. ಅಂಚಿನ ಸುತ್ತ ಹಳದಿ ಜಿಡ್ಡು ಗಟ್ಟಿಯಾಗಿ ಕೂತಿತ್ತು. ಬೆರಳಿಗೆ ಹತ್ತಿತು. ಮೂಸಿದೆ. ಬೆಣ್ಣೆ.

ನಾನು ಅವರ ಹಾಲಿನಿಂದ ಎತ್ತಿದ ಕೆನೆಯನ್ನು ನೀನು ಅವರ ಅಂಬಲಿಗೆ ಹಿಂದಿರುಗಿಸುತ್ತಿದ್ದೆ.

ಆಗ ನನಗೆ ನಾಚಿಕೆಯಾಯಿತೆಂದು ಬರೆಯಬೇಕು. ಆಗಲಿಲ್ಲ. ಸಿಟ್ಟು ಬಂತು. ಕಳ್ಳತನಕ್ಕಿಂತ ದೊಡ್ಡ ತಪ್ಪು ಸಿಕ್ಕಿತು ಎಂದು — ಸಂತೋಷವೇ ಆಯಿತೇನೋ. ಸಂಜೆ ಎಲ್ಲರ ಮುಂದೆ ಡಾಕ್ಟರ ಮಾತು ತೋರಿಸಿಯೇ ಕೇಳೋಣ ಎಂದು ಅಡುಗೆಮನೆಗೆ ಬಂದು, ಕಾಗದದ ಅಂಚಿಗೆ ನೀರು ತಾಗಿಸಿ ಗೋಡೆಯಿಂದ ಬಿಡಿಸಿದೆ. ಹಿಂಬದಿ ಕೈಗೆ ಬಂತು.

ಈಗ ಸುತ್ತ ಯಾರೂ ಇರಲಿಲ್ಲ. ತಪ್ಪಾದರೆ ನಗುವವರಿರಲಿಲ್ಲ. ಕಿಟಕಿಯ ಹತ್ತಿರ ಕೂತು, ಗುರುತು ಸಿಕ್ಕ ಒಂದೆರಡು ಅಕ್ಷರ ಹಿಡಿದು ಉಳಿದದ್ದನ್ನು ಹುಡುಕುತ್ತಾ, ನಿಧಾನವಾಗಿ ಓದಿದೆ. ಮುಂಬದಿಯ ಪಥ್ಯ ಮೊದಲ ಒಂದೂವರೆ ತಿಂಗಳಿಗೆ ಮಾತ್ರ. ಆಮೇಲೆ ಕೆನೆ ಇರುವ ಹಾಲು, ಗಟ್ಟಿ ಮೊಸರು, ಬೆಣ್ಣೆ ಕೊಡಬೇಕು. ಊಟವಾದ ಮೇಲೆ ಬೆವರು, ಎದೆಬಡಿತ ಬಂದರೆ ಸಕ್ಕರೆ ಹಾಕಿದ ತೆಳು ಪದಾರ್ಥ ಬಿಡಿಸಬೇಕು. ಜಿಡ್ಡಿರುವ ಆಹಾರ ನಿಧಾನವಾಗಿ ಇಳಿಯುತ್ತದೆ.

ಹೊಟ್ಟೇಲಿ ನಿಲ್ಲೋಂಥದ್ದು ಎಂದು ನೀನು ಹೇಳಿದ್ದೆ. ಡಾಕ್ಟರು ಅದನ್ನೇ ಬರೆದಿದ್ದರು. ಒಂದಕ್ಷರ ಓದದ ನೀನು, ಬಾಗಿಲಲ್ಲಿ ಎರಡು ದಿನ ನಿಂತು, ಒಬ್ಬ ಮನುಷ್ಯನ ಹಣೆಯ ಬೆವರು ನೋಡಿ ತಿಳಿದುಕೊಂಡದ್ದು.

ನೀನು ಕಳ್ಳಿ ಎನ್ನಿಸಿಕೊಳ್ಳಲು ಯಾಕೆ ಒಪ್ಪಿದೆ ಎನ್ನುವುದೂ ಆ ಕಿಟಕಿಯ ಹತ್ತಿರವೇ ತಿಳಿಯಿತು. ನಿಜ ಹೇಳಿದ್ದರೆ ನಾನು ಕಾಗದ ತೋರಿಸುತ್ತಿದ್ದೆ. ಮಾವನಿಗೆ ವಿಷ ಹಾಕಿದವಳು ಎನ್ನುತ್ತಿದ್ದರು. ಅಂಬಲಿಯ ಬೆಣ್ಣೆ ನಿಂತುಹೋಗುತ್ತಿತ್ತು. ಬೀಗದ ಕೈ ಹೋದರೂ ಇನ್ನೊಂದು ದಾರಿ ಹುಡುಕಿಕೊಳ್ಳುವೆನೆಂದು ನೀನು — ನಿನ್ನನ್ನು ನಾನು ಕೇಳಿಯೇ ಇಲ್ಲ.

ಆಗ ನಾನು ಎದ್ದದ್ದು ನಿನ್ನ ಹತ್ತಿರ ಬರಲು ಅಲ್ಲ. ಗಂಜಿಯ ಪಾತ್ರೆ ತಂದೆ. ಈ ಸಲ ಅಂಚಿಗೆ ಮಾತ್ರವಲ್ಲ, ಹಿಂಬದಿಗೆ ಪೂರ್ತಿ, ಅಂಗೈಯಿಂದ ಬಳಿದೆ. ಮಸಿ ಕರಗಿ ಬೆರಳ ಸಂದಿಗೆಲ್ಲ ನೀಲಿಯಾಯಿತು. ಅದೇ ಜಾಗಕ್ಕೆ ಒತ್ತಿ ಅಂಟಿಸಿದೆ. ಕೈಯನ್ನು ಸೀಗೆಪುಡಿ ಹಾಕಿ ಮೂರು ಸಲ ತೊಳೆದೆ.

ಕಾಫಿ ಹೊತ್ತಿಗೆ ಭಾವ, ಇವರು, ನೀನು ಇದ್ದಾಗ ಹೇಳಿದೆ: "ಕಾಗದದ ಪ್ರಕಾರ ಇವತ್ತಿನಿಂದ ಮಾವನಿಗೆ ಕೆನೆ ತೆಗೀಬೇಕಾಗಿಲ್ಲ. ಬೆಣ್ಣೆಯೂ ಕೊಡಬಹುದು. ಸಕ್ಕರೆ ಬೇಡ." ಇವರು ಹೆಮ್ಮೆಯಿಂದ ನನ್ನ ಕಡೆ ನೋಡಿದರು. ನೀನು ತಲೆ ಎತ್ತಿದೆ. ಬೆಳಗಿನಿಂದ ಬಾಡಿದ್ದ ಮುಖ ಒಂದೇ ಸಲಕ್ಕೆ ತಿಳಿಯಾಯಿತು. ಲೋಟ ಕೆಳಗಿಟ್ಟು, ಕೊಡ ಎತ್ತಿಕೊಂಡು ಬಾವಿಗೆ ಹೋದೆ.

ಅಂದಿನಿಂದ ಉಗ್ರಾಣಕ್ಕೆ ನೀನು ಕಾಲಿಡಲಿಲ್ಲ. ಒಂದು ಹಿಡಿ ಉಪ್ಪು ಬೇಕಾದರೂ ಹೊಸಿಲಾಚೆ ನಿಂತು ನನ್ನನ್ನು ಕರೆಯುತ್ತೀಯೆ. ನಿನ್ನ ಮಗಳ ಮದುವೆಯ ಸಾಮಾನನ್ನೂ ನಾನೇ ಅಳೆದು ಕೊಟ್ಟೆ. ಮಾವನ ಕಿವಿಗೆ ಬೀಳದ ಹಾಗೆ ಭಾವ ಸರಸಕ್ಕೆಂಬಂತೆ "ಬೆಣ್ಣೆ ಕಳ್ಳಿ" ಎಂದಾಗೆಲ್ಲ ಮಕ್ಕಳು ನಕ್ಕಿದ್ದಾರೆ. ನಾನೂ ತುಟಿ ಅಗಲಿಸಿದ್ದೇನೆ.

ಈಗ ನೀನು ಮಗಳ ಬಾಣಂತನಕ್ಕೆಂದು ನೆಲಮಂಗಲದಲ್ಲಿದ್ದೀಯೆ. ಮನೆ ಖಾಲಿ ಇರುವಾಗ ಇದನ್ನು ಬರೆಯುತ್ತಿದ್ದೇನೆ. ಬರೆಯುತ್ತಾ ನಾಚಿಕೆಗಿಂತ ಹೆಚ್ಚಾಗಿ ನನಗೆ ಹೆಮ್ಮೆಯೇ ಉಕ್ಕಿ ಬರುತ್ತಿದೆ — ನಿನ್ನ ಬಗ್ಗೆ, ಅಕ್ಕಾ. ಒಬ್ಬ ದೊಡ್ಡ ಡಾಕ್ಟರು ಓದಿ ತಿಳಿದದ್ದನ್ನು ನೋಡಿ ತಿಳಿದವಳು ನನ್ನ ಓರಗಿತ್ತಿ. ಮಾವನ ಹನ್ನೊಂದು ವರ್ಷ ನಿನ್ನದು. ಈ ಮಾತನ್ನು ಊರಿಗೆಲ್ಲ ಹೇಳಿಕೊಂಡು ತಿರುಗುವ ಭಾಗ್ಯ ನನ್ನದಾಗಬೇಕಿತ್ತು, ನಾನೇ ಕೆಡಿಸಿಕೊಂಡೆ. ನೀನು ಹಿಂದಿರುಗಿದ ದಿನ ಭಾವನ ಮುಂದೆ, ಇವರ ಮುಂದೆ, ಮಕ್ಕಳ ಮುಂದೆ ಇದನ್ನು ನಾನೇ ಓದುತ್ತೇನೆ. ನಿನಗೆ ಓದಲು ಬಾರದೆಂದು ಮೆಲ್ಲಗೆ ಒಂದು ಸಾಲನ್ನೂ ಬಿಡುವುದಿಲ್ಲ. ಬೀಗದ ಕೈ ನಿನ್ನ ಸೊಂಟಕ್ಕೆ ಸಿಕ್ಕಿಸುತ್ತೇನೆ. ನೀನು ಕ್ಷಮಿಸಬೇಕೆಂದು ಕೇಳುವುದಿಲ್ಲ. ನೀನು ಕ್ಷಮಿಸಿಬಿಡುತ್ತೀಯೆ ಎಂಬುದೇ ನನ್ನ ಹೆದರಿಕೆ.

ಹೆದರಿಕೆಗೆ ಕಾರಣವಿದೆ. ಆ ಸಂಜೆ ದೀಪ ಹಚ್ಚುವ ಹೊತ್ತಿಗೆ, ನೀನು ಇನ್ನೂ ನೀರು ಹೊತ್ತು ಬರುವ ಮೊದಲೇ, ಎದುರು ಮನೆಯ ಸಾಕಮ್ಮ ಎರಡು ವೀಳ್ಯದೆಲೆ ಕೇಳಿಕೊಂಡು ಬಂದಿದ್ದಳು. ನಮ್ಮ ಮನೆಯಲ್ಲಿ ನಡೆದದ್ದು ಅವಳಿಗೆ ಏನೇನೂ ಗೊತ್ತಿರಲಿಲ್ಲ. ಎಲೆಯ ತೊಟ್ಟು ಮುರಿಯುತ್ತಾ, ಹೊರಡುವ ಅವಸರದಲ್ಲೇ ಹೇಳಿದಳು:

"ಬಾವಿ ತಾವ ನಿಮ್ಮಕ್ಕ ಸಿಕ್ಕಿದ್ಲು ಕಣಮ್ಮ. ಕಣ್ಣೆಲ್ಲ ಕೆಂಪಗಾಗವೆ, ಯಾಕೆ ಅಂದ್ರೆ ಒಲೆ ಹೊಗೆ ಅಂತಾಳೆ. 'ನಮ್ ವಿಮಲ ಕಾಗ್ದ ನೋಡಿ ಮಾವಂಗೆ ಕೆನೆ ಹಾಲು ಕೊಡ್ಬೋದು ಅಂದ್ಲು, ಅವ್ಳೊಬ್ಳು ಇಲ್ದಿದ್ರೆ ನಮ್ಮನೆ ಕಥೆ ಏನಾಗ್ತಿತ್ತೋ' ಅಂತ ಕೊಡ ತುಂಬೋ ತನ್ಕ ನಿನ್ ಜಪಾನೇ. ಓರಗಿತ್ತೀನ ಹಿಂಗೆ ಹೊಗಳೋಳ್ನ ನಾನಂತೂ ಎಲ್ಲೂ ಕಂಡಿಲ್ಲ ತಾಯಿ — ಅದೇನ್ ಮದ್ದು ಹಾಕಿದ್ದೀಯೋ ಅವ್ಳಿಗೆ!"