ನಂದಿದುರ್ಗಕ್ಕೆ ಒಯ್ದ ಸೊಪ್ಪಿನೆಣ್ಣೆ

ಡಿಸೆಂಬರಿನ ಒಂದು ಶುಕ್ರವಾರ ಬೆಳಿಗ್ಗೆ ತುಮಕೂರಿನ ಮನೆಗೆ ಬೀಗ ಹಾಕಿ ಹೊರಟೆ. ಕೈಚೀಲದಲ್ಲಿ ಎರಡು ಸೀರೆ, ಅಕ್ಕನಿಗೊಂದು ಸ್ವೆಟರ್, ಉಣ್ಣೆಯ ಕಾಲುಚೀಲದೊಳಗೆ ಸುತ್ತಿಟ್ಟ ಬೆರಳುದ್ದದ ಬಾಟಲಿ. ಬಾಟಲಿಯಲ್ಲಿದ್ದದ್ದು ಗಾಂಜಾ ಸೊಪ್ಪಿನಿಂದ ತೆಗೆದ ಎಣ್ಣೆ. ಅದು ಹೊರಟಿದ್ದು ಕೆಜಿಎಫ್‌ನ ನಂದಿದುರ್ಗ ಗಣಿಯ ಕಾರ್ಮಿಕರ ಲೈನಿಗೆ, ನನ್ನ ಅಕ್ಕ ರತ್ನಮ್ಮನ ಗಂಡ ನಾರಾಯಣಪ್ಪ ಭಾವನಿಗಾಗಿ.

ಭಾವನಿಗೆ ಕರುಳಿನ ಕ್ಯಾನ್ಸರ್. ಇನ್ನು ಮಾಡುವಂಥದ್ದು ಏನೂ ಇಲ್ಲವೆಂದು ಆಸ್ಪತ್ರೆಯವರು ಮನೆಗೆ ಕಳಿಸಿದ್ದರು. ನೋವಿನ ಮಾತ್ರೆ ನುಂಗಿದರೆ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಬೆಂಗಳೂರಿನ ಆಯುರ್ವೇದದ ವೈದ್ಯರೊಬ್ಬರು ವರದಿಗಳನ್ನೆಲ್ಲ ಓದಿ, ಫೋನಿನಲ್ಲಿ ಭಾವನ ಮುಖ ನೋಡಿ ಮಾತಾಡಿಸಿ, ಆಮೇಲೆ ನನಗೆ ಈ ಎಣ್ಣೆ ಬರೆದುಕೊಟ್ಟರು. "ರೋಗ ವಾಸಿಯಾಗುವುದಿಲ್ಲ. ಸ್ವಲ್ಪ ನಿದ್ದೆ ಬರಬಹುದು, ಎರಡು ತುತ್ತು ಒಳಗೆ ಹೋಗಬಹುದು. ಏನೂ ಆಗದೆಯೂ ಇರಬಹುದು" ಎಂದರು. ಆ ಕೊನೆಯ ಮಾತಿನಿಂದಲೇ ನನಗೆ ಅವರ ಮೇಲೆ ನಂಬಿಕೆ ಬಂತು.

ಎಲೆಯಿಂದ ಮಾಡಿದ ಔಷಧವನ್ನು ವೈದ್ಯರ ಚೀಟಿಯ ಮೇಲೆ ಕೊಡಬಹುದಂತೆ, ಹೂವಿಗೆ ಹಾಗಿಲ್ಲವಂತೆ. ಇಡೀ ಗಿಡವನ್ನೇ ಔಷಧಕ್ಕೆ ಬಿಡಬೇಕೋ ಬೇಡವೋ ಎಂಬ ಜಗಳ ನಡೆದೇ ಇದೆ. ನಾನು ಕೆಲಸ ಮಾಡುವ ವಾರಪತ್ರಿಕೆಗೆ ಎರಡೂ ಕಡೆಯವರ ಪತ್ರಗಳು ಬರುತ್ತವೆ. ಅವನ್ನು ತಿದ್ದಿ ಅಚ್ಚಿಗೆ ಕಳಿಸುವವಳು ನಾನೇ. ಬೇಕು ಎನ್ನುವವರ ವ್ಯಾಕರಣವೂ ಬೇಡ ಎನ್ನುವವರ ವ್ಯಾಕರಣವೂ ಸರಿಸಮವಾಗಿ ಕೆಟ್ಟಿರುತ್ತದೆ ಎಂಬುದಷ್ಟೇ ಅಲ್ಲಿಯವರೆಗೆ ಆ ಜಗಳದಲ್ಲಿ ನನಗೆ ಗೊತ್ತಿದ್ದದ್ದು.

ಬೆಂಗಳೂರಿನಲ್ಲಿ ರೈಲು ಬದಲಿಸಿದೆ. ಬೋಗಿಯಲ್ಲಿ ಪೊಲೀಸನೊಬ್ಬ ಲಾಠಿ ಆಡಿಸುತ್ತ ಬಂದಾಗ ಚೀಲವನ್ನು ತೊಡೆಯ ಮೇಲೆ ಅವುಚಿಕೊಂಡೆ. ಚೀಟಿ ಇತ್ತು, ರಸೀದಿ ಇತ್ತು, ಆದರೂ ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅವನು ನನ್ನ ನರೆತ ತಲೆಯನ್ನು ನೋಡಿ, "ಆ ಕಡೆ ಸೀಟು ಖಾಲಿ ಐತೆ, ಕಿಟಕಿ ಪಕ್ಕ ಕೂತ್ಕೊಳ್ರಮ್ಮ" ಎಂದು ಮುಂದೆ ಹೋದ.

ಬಂಗಾರಪೇಟೆಯಲ್ಲಿ ಇಳಿದಾಗ ಊಟದ ಹೊತ್ತು ಮೀರಿತ್ತು. ಬಿಸಿಲಿದ್ದರೂ ಗಾಳಿ ಚಳಿ ಚಳಿ. ಅಕ್ಕ ಫೋನಿನಲ್ಲಿ ಮೊದಲೇ ಹೇಳಿದ್ದಳು: "ಪಕ್ಕದ ಮನೆ ಪಳನಿಯಮ್ಮ ಶುಕ್ರವಾರ ಶುಕ್ರವಾರ ಬಂಗಾರಪೇಟೆ ಸ್ಟೇಷನ್‌ಗೆ ಬತ್ತಾಳೆ. ಅವಳ ಜೊತೇಲೇ ಬಂದ್ಬಿಡು. ಎಣ್ಣೆ ಇಚಾರ ಮಾತ್ರ ಅವಳ ಮುಂದೆ ಎತ್ತಬ್ಯಾಡ." ಯಾಕೆ ಎಂದು ಕೇಳಿದ್ದಕ್ಕೆ "ಬಾ, ಆಮೇಲೆ ಏಳ್ತೀನಿ" ಎಂದು ಫೋನ್ ಇಟ್ಟಿದ್ದಳು.

ಪಳನಿಯಮ್ಮ ಪ್ಲಾಟ್‌ಫಾರಂ ಕೊನೆಯಲ್ಲಿ ಸಿಕ್ಕಳು. ನೀರಿನ ನಲ್ಲಿಯ ಹತ್ತಿರ ಹೊದ್ದು ಮಲಗಿದ್ದ ಒಬ್ಬನ ಪಕ್ಕ ನಿಂತಿದ್ದಳು. ಅವನು ಮಗ್ಗುಲಾದ. ಮುಖ ನೋಡಿ ಇವಳು ಮುಂದಿನವನ ಹತ್ತಿರ ಹೋಗಿ ನಿಂತಳು. ಹಾಗೆ ಎಲ್ಲರನ್ನೂ ನೋಡಿ ಮುಗಿಸಿದ ಮೇಲೆ ನನ್ನ ಕಡೆ ತಿರುಗಿ, "ರತ್ನಕ್ಕನ ತಂಗಿ ತಾನೆ ನೀವು? ಅದೇ ಮೂಗು" ಎಂದಳು. ಅವಳ ಕನ್ನಡದಲ್ಲಿ ತಮಿಳು ಸಲೀಸಾಗಿ ಓಡಾಡುತ್ತಿತ್ತು. ಇಬ್ಬರೂ ಹೊರಗೆ ಹೋಗಿ ಪಾನಿಪುರಿ ತಿಂದೆವು. ನೀರಿನಷ್ಟೇ ತಿಳಿಯಾಗಿ ಕಾಣುವ ಇಲ್ಲಿನ ಆ ಪಾನಿ ಗಂಟಲು ಸುಟ್ಟಿತು. ನಾನು ಸುರ್ ಸುರ್ ಎನ್ನುವುದನ್ನು ನೋಡಿ ಅವಳು ಸ್ವಲ್ಪ ನಕ್ಕಳು.

ಅಲ್ಲಿಂದ ಕೆಜಿಎಫ್ ಕಡೆ ಹೋಗುವ ಮಾರಿಕುಪ್ಪಂ ರೈಲಿಗೆ ಹತ್ತು ರೂಪಾಯಿ ಟಿಕೆಟ್. ಎದುರಿನ ಸೀಟಿನಲ್ಲಿ ಕಾಮಸಮುದ್ರದ ಕಡೆಯ ಇಬ್ಬರು ಪೇಪರು ಹಂಚಿಕೊಂಡು ಗಾಂಜಾದ ಸುದ್ದಿ ಓದುತ್ತಿದ್ದರು. ಹೋದ ಕಡೆಯೆಲ್ಲ ಅದೇ ಜಗಳ ಬೆನ್ನು ಹತ್ತಿ ಬರಬೇಕೇ? ವಯಸ್ಸಾದವನು, "ನಮ್ ತಾತ ದನಕ್ಕೆ ಭೇದಿ ಆದ್ರೆ ಇದೇ ಸೊಪ್ಪು ಬೆಲ್ಲದಾಗೆ ಇಟ್ಟು ತಿನ್ನಿಸ್ತಿದ್ದ. ದನಕ್ಕೆ ಆಗಿದ್ದು ಮನುಷನಿಗೆ ಯಾಕೆ ಆಗಬಾರ್ದು?" ಎಂದ. ಜೊತೆಯವನು, "ಇವತ್ತು ಔಷಧಿ ಅಂತಾರೆ. ನಾಳೆ ಬೀಡಾ ಅಂಗಡೀಲಿ ನೇತಾಕ್ತಾರೆ. ನಿನ್ ಮೊಮ್ಮಗ ದನಾನಾ?" ಎಂದ. ನನ್ನ ನಾಲಿಗೆ ತುರಿಸುತ್ತಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಆಗ ಪಳನಿಯಮ್ಮ ಮೆಲ್ಲಗೆ ಕೇಳಿದಳು: "ನಿಮ್ಮ ಮನೇಲಿ ಅದನ್ನ ಸೇದಿ ಕೆಟ್ಟೋರು ಯಾರಾದ್ರೂ ಅವ್ರಾ?" ಇಬ್ಬರೂ ಇಲ್ಲ ಎಂದರು. "ಒಳ್ಳೇದಪ್ಪ" ಎಂದಳು. ನಾವು ಇಳಿಯುವ ಉರಿಗಾಂ ಬರುವವರೆಗೆ ಆ ಮಾತು ಮತ್ತೆ ಏಳಲಿಲ್ಲ.

ಲೈನಿನ ಮನೆಗಳು ಹಾಗೆಯೇ ಇದ್ದವು. ಒಂದಕ್ಕೊಂದು ಆತುಕೊಂಡ ಸಾಲು, ಎರಡು ಮನೆಗಳ ನಡುವೆ ಒಂದೇ ಗೋಡೆ, ಹಿಂದೆ ಚಿನ್ನ ತೆಗೆದ ಮಣ್ಣು ಸುರಿದ ಸೈನೈಡ್ ದಿಬ್ಬ. ಗಾಳಿ ಎದ್ದರೆ ಅದರ ಬಿಳಿ ದೂಳು ಒಗೆದ ಬಟ್ಟೆಯ ಮೇಲೆ ಕೂರುತ್ತದೆ. ಭಾವ ಗೋಡೆ ಬದಿಯ ಮಂಚದಲ್ಲಿ ಮಂಡಿ ಮಡಚಿ ಮಲಗಿದ್ದ. ಗಣಿಯೊಳಗೆ ಮರದ ದಿಮ್ಮಿ ಹೊತ್ತ ಆ ಹೆಗಲು ಈಗ ನನ್ನ ಅಂಗೈಯಷ್ಟು ಅಗಲವೂ ಇರಲಿಲ್ಲ. ನೋಡಿ ನನಗೆ ಅಳು ಬಂತು, ಅತ್ತೆ. "ಬಂದ್ಯಾ ತುಮಕೂರು ಪಂಡಿತೆ? ಅಳೋಕೆ ಅಷ್ಟು ದೂರದಿಂದ ಯಾಕೆ ಬರಬೇಕಿತ್ತು, ಇಲ್ಲೇ ನಿಮ್ಮಕ್ಕ ಅವ್ಳಲ್ಲ" ಎಂದ. ಮಾತು ಮುಗಿಯುವಷ್ಟರಲ್ಲಿ ನೋವು ಬಂತು. ಹಲ್ಲು ಕಚ್ಚಿದ. ಆಮೇಲೆ ಹಲ್ಲೂ ತಡೆಯಲಾರದೆ ಒಂದು ನರಳಿಕೆ ಹೊರಬಂತು. ಗೋಡೆಯಾಚೆ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತಿತು.

ಸಂಜೆ, ನೋವಿಗೆ ಸೊಪ್ಪಿನೆಣ್ಣೆ ಎಂದು ಬಾಟಲಿ ತೆಗೆದೆ. ಭಾವ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಯಾವ ಸೊಪ್ಪಿಂದು?" ಎಂದ. ಅಕ್ಕ ಕಣ್ಸನ್ನೆ ಮಾಡುವಷ್ಟರಲ್ಲಿ ನಾನು ಹೇಳಿಬಿಟ್ಟಿದ್ದೆ. ಅವನು ಬಾಟಲಿಯನ್ನು ನನ್ನ ಕೈಗೇ ವಾಪಸ್ಸು ಇಟ್ಟ.

ಕಾರಣ ಆಗ ತಿಳಿಯಿತು. ಪಳನಿಯಮ್ಮನಿಗೆ ಒಬ್ಬನೇ ಮಗ. ಗಾಂಜಾ ಸೇದಿ ಸೇದಿ ತಲೆ ಕೆಟ್ಟು, ಒಂದು ಶುಕ್ರವಾರ ಬಂಗಾರಪೇಟೆಯಲ್ಲಿ ಯಾವುದೋ ರೈಲು ಹತ್ತಿ ಹೋದವನು ತಿರುಗಿ ಬರಲಿಲ್ಲ. ಅವಳ ಜೊತೆ ಊರೂರು ಸುತ್ತಿ ಹುಡುಕಿದವನು ಭಾವ. ಹುಡುಕಿ ಸೋತು ಬಂದ ಮೇಲೆ, ಲೈನಿನ ಕೊನೆಯ ಬೇವಿನ ಮರದಡಿಯ ಮುನೇಶ್ವರನ ಕಲ್ಲಿನ ಮುಂದೆ ಎಲ್ಲ ಮನೆಯವರನ್ನೂ ಸೇರಿಸಿ, ಕರ್ಪೂರ ಹಚ್ಚಿ, ಉರಿಯ ಮೇಲೆ ಕೈಯಿಟ್ಟು ಆಣೆ ಮಾಡಿದ್ದ: ಆ ಸೊಪ್ಪು ಈ ಲೈನಿನೊಳಗೆ ಕಾಲಿಡಕೂಡದು. ಆಮೇಲೆ ಅದೇ ಕೈಯಿಂದ ಪಳನಿಯಮ್ಮನ ಕೈಗೆ ಭಾಷೆ ಕೊಟ್ಟಿದ್ದ.

"ಅದು ಸೇದೋದು ಕಣ್ರೀ, ಇದು ಔಷಧಿ. ಡಾಕ್ಟ್ರು ಬರೆದವ್ರೆ" ಎಂದಳು ಅಕ್ಕ.

"ಗಿಡ ಒಂದೇ ಅಲ್ವಾ?"

ನಾನು ಕಾನೂನು ಹೇಳಿದೆ. ಎಲೆ, ಹೂವು, ಚೀಟಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಭಾವ ತಾಳ್ಮೆಯಿಂದ ಕೇಳಿಸಿಕೊಂಡ. "ಸರ್ಕಾರ ಎಲ್ಲಿ ಆಣೆ ಇಟ್ಟೈತಮ್ಮ? ಇಟ್ಟಿದ್ದು ನಾನು. ಯಾರ ಕೈಗೆ ಭಾಷೆ ಕೊಟ್ಟೆನೋ ಅವಳೇ ಬಿಡಿಸಬೇಕು. ಅವಳನ್ನ ಕೇಳೋಕೆ ನನಗೆ ಬಾಯಿಲ್ಲ" ಎಂದ. ಅಕ್ಕ ಒಲೆಯ ಮುಂದೆ ಹೋಗಿ ಕೂತಳು. ಹಿತಕಿದ ಅವರೆಬೇಳೆ ಸಾರು, ಮುದ್ದೆ ಮಾಡಿದ್ದಳು. ಯಾರಿಗೂ ಸೇರಲಿಲ್ಲ.

ಮಾರನೆಯ ದಿನ, ಶನಿವಾರ, ಬೆಳಕು ಹರಿಯುವ ಮೊದಲೇ ಗೋಡೆಯಾಚೆಯಿಂದ ಟಕ್ ಟಕ್ ಎಂದು ಸದ್ದಾಯಿತು. ಮಲಗಿದ್ದಲ್ಲಿಂದಲೇ ಭಾವ ಬೆರಳ ಗೆಣ್ಣಿನಿಂದ ಮೆಲ್ಲಗೆ ಎರಡು ಸಲ ತಟ್ಟಿದ. ಗಣಿ ನಡೆಯುತ್ತಿದ್ದ ಕಾಲದಲ್ಲಿ ಶಿಫ್ಟಿಗೆ ಹೊರಡುವವರು ಪಕ್ಕದ ಮನೆಯವರನ್ನು ಎಬ್ಬಿಸುತ್ತಿದ್ದದ್ದು ಹೀಗೆ. ಗಣಿ ಮುಚ್ಚಿದರೂ ಈ ಎರಡು ಮನೆಗಳ ನಡುವೆ ಅದು ಉಳಿದಿತ್ತು. ಈಗ ಅದರ ಅರ್ಥ ಇಷ್ಟೇ: ಇದ್ದೀಯಾ? ಇದ್ದೀನಿ.

ನಾನು ಪಳನಿಯಮ್ಮನ ಮನೆಗೆ ಹೋದೆ. ಕಾಫಿ ಕೊಟ್ಟಳು. ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದೆ. ಅವಳು ಲೋಟ ಕೆಳಗಿಟ್ಟಳು.

"ನನ್ನ ಮಗನೂ ಔಷಧಿ ಅಂತಾನೇ ಶುರು ಮಾಡಿದ್ದು ಕಣಮ್ಮ. ತಲೆನೋವು ಅಂದ. ಒಂದು ದಮ್ ಎಳೆದ್ರೆ ಓಗುತ್ತೆ ಅಂತ ಯಾರೋ ಏಳಿದ್ರಂತೆ. ನಿದ್ದೆ ಮಾಡ್ತಾನಲ್ಲ ಪಾಪ ಅಂತ ನಾನೂ ಸುಮ್ಕಿದ್ದೆ."

ಇದಕ್ಕೆ ಉತ್ತರವಾಗಿ ನಾನು ಅಚ್ಚಿಗೆ ಕಳಿಸಿದ ಪತ್ರಗಳಲ್ಲಿ ಒಂದು ಮಾತೂ ಇರಲಿಲ್ಲ. ಅಷ್ಟರಲ್ಲಿ ಗೋಡೆಯಾಚೆ ಭಾವ ನರಳಿದ. ಇಲ್ಲಿ ಕೂತು ಕೇಳಿದರೆ ಆ ಸದ್ದು ಇದೇ ಕೋಣೆಯಲ್ಲಿದ್ದ ಹಾಗಿತ್ತು. ಇವಳು ದಿನಾ ಇದನ್ನು ಕೇಳಿಕೊಂಡೇ ಉಣ್ಣುತ್ತಾಳೆ, ಇದನ್ನು ಕೇಳಿಕೊಂಡೇ ಮಲಗುತ್ತಾಳೆ.

"ನಾನು ಬ್ಯಾಡ ಅನ್ನಲ್ಲ. ಆದ್ರೆ ಊಂ ಅನ್ನೋಕೆ ಬಾಯಿ ಬರ್ತಾ ಇಲ್ಲ. ನೀವು ಓಗಿ" ಎಂದಳು.

ಅತ್ತ ದರಿ, ಇತ್ತ ಪುಲಿ. ಆ ಮಧ್ಯಾಹ್ನ ನಾನು ಮನೆಯಲ್ಲಿ ನಿಲ್ಲಲಾರದೆ ಬಸ್ ಹತ್ತಿ ಕ್ಯಾಸಂಬಳ್ಳಿಗೆ ಹೋದೆ. ಅದು ನಮ್ಮ ತವರಿನ ಕಡೆ. ರಾಗಿ ಕೊಯ್ಲು ಮುಗಿದು ಬಣವೆ ಒಟ್ಟಿದ್ದರು. ಹಾಲಿನ ಕ್ಯಾನು ಕಟ್ಟಿದ ಬೈಕುಗಳು ಓಡಾಡುತ್ತಿದ್ದವು. ಅಕ್ಕನ ಮದುವೆಯಾದ ವರ್ಷ ಭಾವ ಇದೇ ದಾರಿಯಲ್ಲಿ ನನ್ನನ್ನು ಸೈಕಲ್ ಮೇಲೆ ಕೂರಿಸಿಕೊಂಡು, "ಏರು ಬಂತು ಇಳಿ, ಇಳಿಜಾರು ಬಂತು ಅತ್ತು" ಎಂದು ಇಳಿಸಿ ಹತ್ತಿಸಿ ದಾರಿಯುದ್ದಕ್ಕೂ ಗೋಳು ಹೊಯ್ದುಕೊಂಡಿದ್ದ. ಅದು ನೆನಪಾಗಿ, ಒಂದು ಸೇರು ಅವರೆಕಾಯಿ ಕೊಂಡು, ಮುಂದಿನ ಬಸ್ಸಿಗೇ ಮರಳಿದೆ.

ಭಾನುವಾರ ಬೆಳಿಗ್ಗೆ ಪಳನಿಯಮ್ಮ ಬಾಗಿಲಲ್ಲಿ ನಿಂತಿದ್ದಳು. ಸ್ನಾನ ಮಾಡಿದ್ದಳು. ಕೈಯಲ್ಲಿ ಕರ್ಪೂರದ ಪೊಟ್ಟಣ. "ಅಣ್ಣನ ಟವಲ್ ಕೊಡಿ" ಎಂದಳು. ಭಾವ ಬೇವಿನ ಮರದವರೆಗೆ ನಡೆಯುವಂತಿರಲಿಲ್ಲ, ಹಾಗಾಗಿ ಅವನ ಹೆಗಲ ಟವಲ್ಲೇ ಅವನ ಪರವಾಗಿ ಹೊರಟಿತು. ಅಕ್ಕ, ನಾನು ಹಿಂದೆ ಹೋದೆವು. ಮುನೇಶ್ವರನ ಕಲ್ಲಿನ ಮೇಲೆ ಟವಲ್ ಹಾಸಿ, ಮುಂದೆ ಕರ್ಪೂರ ಹಚ್ಚಿ, ಉರಿಯ ಮೇಲೆ ಕೈಯಿಟ್ಟು ಅವಳು ಸ್ಪಷ್ಟವಾಗಿ ಹೇಳಿದಳು: "ಮುನೇಶ್ವರಪ್ಪ, ಅಣ್ಣ ನನಗೆ ಕೊಟ್ಟ ಭಾಷೇನ ನಾನೇ ಬಿಡಿಸ್ತಾ ಇದೀನಿ. ಈ ಒಬ್ಬರಿಗೆ ಮಾತ್ರ. ಇವರು ಇರೋವರ್ಗೂ ಮಾತ್ರ." ಕೈ ತೆಗೆಯುವುದನ್ನು ಮರೆತಳೋ ಏನೋ, ಅಕ್ಕನೇ ಎಳೆಯಬೇಕಾಯಿತು.

ಮನೆಗೆ ಬಂದು ಅಕ್ಕ ಭಾವನ ನಾಲಿಗೆಯ ಕೆಳಗೆ ಎಣ್ಣೆಯ ಹನಿ ಬಿಟ್ಟಳು. ಪಳನಿಯಮ್ಮ ನೋಡಲಾರೆ ಎಂದು ಅಂಗಳದಲ್ಲೇ ಉಳಿದಳು. ಭಾವ ಮುಖ ಹಿಂಡಿ, "ಇಂಥ ರುಚಿಗೋಸ್ಕರ ಜನ ಜೈಲಿಗೆ ಓಗ್ತಾರಾ?" ಎಂದ. ಪವಾಡವೇನೂ ಆಗಲಿಲ್ಲ. ಮಧ್ಯಾಹ್ನವೂ ನರಳಿದ. ಆದರೆ ಸಂಜೆ, ಎಷ್ಟೋ ದಿನಗಳ ಮೇಲೆ, ತಾನಾಗಿ ಗಂಜಿ ಕೇಳಿದ. ಅರ್ಧ ಬಟ್ಟಲು ಕುಡಿದ, ಅದು ಹೊಟ್ಟೆಯಲ್ಲೇ ಉಳಿಯಿತು. ಆಮೇಲೆ ಮಡಚಿದ ಮಂಡಿ ತಾನಾಗಿ ಬಿಚ್ಚಿಕೊಂಡು, ಕಾಲು ಚಾಚಿ ಮಲಗಿದ. ಅಕ್ಕ ಆ ಚಾಚಿದ ಕಾಲುಗಳನ್ನು ನೋಡುತ್ತ ಸೆರಗು ಬಾಯಿಗೆ ಒತ್ತಿಕೊಂಡಳು.

ಸೋಮವಾರ ನಸುಕಿನಲ್ಲಿ ಗೋಡೆ ಟಕ್ ಟಕ್ ಎಂದಿತು. ಭಾವ ಏಳಲಿಲ್ಲ. ಮತ್ತೆ ಟಕ್ ಟಕ್. ಅಕ್ಕ ಅವನ ಎದೆಯ ಮೇಲೆ ಕೈಯಿಟ್ಟಳು. ಎದೆ ಏರಿ ಇಳಿಯುತ್ತಿತ್ತು. ಎಬ್ಬಿಸಲು ಮನಸ್ಸು ಬಾರದೆ, ಅವಳೇ ಅವನ ಮೇಲಿಂದ ಬಾಗಿ ಗೋಡೆಗೆ ಎರಡು ಸಲ ತಟ್ಟಿದಳು. ಆಚೆ ಏನೋ ಬಿದ್ದ ಸದ್ದು. ಪಳನಿಯಮ್ಮ ಬರಿಗಾಲಲ್ಲಿ ಓಡಿ ಬಂದಳು.

"ಅದು ಅಣ್ಣ ತಟ್ಟಿದ್ದಲ್ಲ" ಎಂದಳು.

"ಮಲಗವ್ರೆ ಕಣೇ. ನಿದ್ದೆ" ಎಂದಳು ಅಕ್ಕ.

ಪಳನಿಯಮ್ಮ ಮಂಚದ ಪಕ್ಕ ನಿಂತು ಅವನ ಮುಖವನ್ನೇ ನೋಡಿದಳು, ಪ್ಲಾಟ್‌ಫಾರಂನಲ್ಲಿ ನಿಂತು ನೋಡುತ್ತಿದ್ದಳಲ್ಲ, ಹಾಗೆಯೇ. ಸ್ವಲ್ಪ ಹೊತ್ತಿಗೆ ಭಾವ ಮಗ್ಗುಲಾದ. ಕಣ್ಣು ಬಿಟ್ಟು, "ತಂಗಚ್ಚಿ, ಇನ್ನೂ ಶಿಫ್ಟಿಗೆ ಟೈಮ್ ಐತೆ" ಎಂದು ಮತ್ತೆ ಕಣ್ಣು ಮುಚ್ಚಿದ. ಅವಳು ನೆಲದ ಮೇಲೆ ಕುಸಿದು ಕೂತು ಅತ್ತಳು.

ಅದೇ ದಿನ ನಾನು ಹೊರಟೆ. ಭಾವ ಎದ್ದಿದ್ದ, ನೋವೂ ಎದ್ದಿತ್ತು. ಮತ್ತೆ ನೋಡುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. "ಇಳಿಜಾರು ಬಂತು, ಅತ್ತು" ಎಂದ. ನಾನು ಚೀಲ ಎತ್ತಿಕೊಂಡು ಹೊಸ್ತಿಲು ದಾಟಿದೆ.

ಶುಕ್ರವಾರ ಅಲ್ಲದಿದ್ದರೂ ಪಳನಿಯಮ್ಮ ಬಂಗಾರಪೇಟೆಯವರೆಗೆ ಜೊತೆಗೆ ಬಂದಳು. ಬೆಂಗಳೂರಿನ ರೈಲಿಗೆ ಕಾಯುವಾಗ ಕೇಳಿಯೇಬಿಟ್ಟೆ, ಮನಸ್ಸು ಹೇಗೆ ಬದಲಾಯಿತು ಎಂದು.

"ಬದಲಾಗಿಲ್ಲ. ಅಣ್ಣ ಕಣ್ಮುಚ್ಚಿದ ದಿನಾನೇ ಮತ್ತೆ ಕರ್ಪೂರ ಹಚ್ತೀನಿ. ಉಳಿದಿದ್ದನ್ನ ನಾನೇ ಲೈನಿಂದ ಆಚೆ ಎಸೀತೀನಿ" ಎಂದಳು. ಆಮೇಲೆ ಹಳಿಯ ಕಡೆ ನೋಡುತ್ತ, "ನನ್ನ ಮಗ ಎಲ್ಲಾದ್ರೂ ಇಂಗೇ ನರಳ್ತಾ ಬಿದ್ದಿದ್ರೆ? ಅಲ್ಲೂ ಪಕ್ಕದಾಗೆ ಯಾರೋ ಒಬ್ರು ಇರ್ತಾರಲ್ಲ. ಅವ್ರು ಆಣೆ ಗೀಣೆ ಅಂತ ಕೂತ್ರೆ ಅವನ ಗತಿ?" ಎಂದಳು.

ರೈಲು ಬಂತು. ನನ್ನ ಚೀಲ ಹತ್ತಿಸಿ ಕೊಟ್ಟಳು. ಕಿಟಕಿಯಿಂದ ತಿರುಗಿ ನೋಡಿದಾಗ ಅವಳು ನಲ್ಲಿಯ ಹತ್ತಿರ ಹೋಗಿದ್ದಳು. ಹೊದ್ದು ಮಲಗಿದ್ದ ಒಬ್ಬನ ಪಕ್ಕ, ಅವನ ಹೊದಿಕೆ ಎಳೆಯದೆ, ಅವನಾಗಿ ಮಗ್ಗುಲಾಗಲಿ ಎಂದು ಕಾಯುತ್ತ ನಿಂತಿದ್ದಳು.