ಬಾಗಿಲ ಬದಿಯ ಹಣಮಪ್ಪನ ಜರ್ಮನಿ ದಿಗ್ವಿಜಯ

ಅರ್ಜುನನಿಗೆ ಗಾಂಡೀವ, ಭೀಮನಿಗೆ ಗದೆ, ಬನಹಟ್ಟಿಯ ಹಣಮಪ್ಪನಿಗೆ ಬಾಗಿಲು. ಮದುವೆಯಿರಲಿ, ಭಜನೆಯಿರಲಿ, ಸೊಸೈಟಿಯ ಸಭೆಯಿರಲಿ, ಆತ ಕೂಡುವುದು ಬಾಗಿಲ ಬದಿಗೇ. ಅದೂ ಚಪ್ಪಲಿಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು. ಬೀಳಗಿಯ ಬೀಗರೊಬ್ಬರು "ಹಿರ್ಯಾರು ನೀವು, ಮುಂದ ಬರ್ರಿ" ಎಂದು ರಟ್ಟೆ ಹಿಡಿದು ಎಳೆದಾಗ ಆತ ಬಾಗಿಲನ್ನು ತಬ್ಬಿಕೊಂಡ ರಭಸಕ್ಕೆ ಚೌಕಟ್ಟೇ ಕಿತ್ತು ಬಂತಂತೆ. ಇದು ಬೀಳಗಿಯವರ ಮಾತು. ಹಿಪ್ಪರಗಿಯವರು ಅವರಿಗಿಂತ ಒಂದು ಕೈ ಮೇಲು. ಬ್ಯಾರೇಜಿನ ಗೇಟು ಎತ್ತುವ ದಿನ ಹಣಮಪ್ಪ ಯಾವ ಕಡೆ ಕೂತಿದ್ದಾನೆಂದು ನೋಡಿಕೊಂಡೇ ಕೃಷ್ಣೆ ಹರಿಯುತ್ತಾಳೆ ಎನ್ನುತ್ತಾರೆ. ರನ್ನ ಬೆಳಗಲಿಯಲ್ಲಂತೂ ಯಾವುದೋ ಮಠದ ಅಜ್ಜಾರು ಆತನ ತಲೆಯ ಮೇಲೆ ಕೈಯಿಟ್ಟು "ನಿನ್ನ ಬಾಗಿಲಾ ಕಾಯತೈತಿ" ಎಂದು ವರ ಕೊಟ್ಟ ಕಥೆಯೇ ಹುಟ್ಟಿಕೊಂಡಿದೆ.

ಖರೆ ಸಂಗತಿ ಗೊತ್ತಿದ್ದದ್ದು ಆತನ ಅಕ್ಕನ ಮಗಳು ಮಧುಮತಿಗೆ. ಹರೆಯದಲ್ಲಿ ಮಾಮಾ ಒಂದು ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ. ನಮ್ಮ ಕಡೆಯ ಪ್ರೇಕ್ಷಕ ಮಹಾರಾಜನ ನ್ಯಾಯ ಬಲು ಸರಳ. ಹಾಡು ಹಿಡಿಸಿತೋ, ಸಿಳ್ಳೆ ಹೊಡೆದು "ಒನ್ಸ್ ಮೋರ್" ಅನ್ನುತ್ತಾನೆ. ಹಿಡಿಸಲಿಲ್ಲವೋ, ಇಡೀ ಟೆಂಟು ಒಂದೇ ಲಯದಲ್ಲಿ ಚಪ್ಪಾಳೆ ತಟ್ಟತೊಡಗುತ್ತದೆ. ಟಪ್, ಟಪ್, ಟಪ್. ಅದರ ಜೋಡಿ ನೆಲಕ್ಕೆ ಕಾಲು. ಹಾಗೆಂದರೆ 'ಕೆಳಗ ಇಳಿ' ಎಂದರ್ಥ. ಇಳಿಯದವರಿಗೆ ಚಪ್ಪಲಿ ಬರುತ್ತದೆ. ಜಮಖಂಡಿಯಲ್ಲಿ ಒಂದು ಸಲ ನಾಯಕನ ಗಂಟಲು ಕೈಕೊಟ್ಟಿತು, ಆ ಚಪ್ಪಾಳೆ ಎದ್ದಿತು, ನಾಯಕ ಓಡಿಹೋದ. ಬಂದ ಚಪ್ಪಲಿಗಳನ್ನೆಲ್ಲ ಹಾರ್ಮೋನಿಯಂ ಮುಂದೆ ಕೂತಿದ್ದ ಹಣಮಪ್ಪನೇ ಸ್ವೀಕರಿಸಬೇಕಾಯಿತು. ಅಂದೇ ಕಂಪನಿ ಬಿಟ್ಟು ಮಗ್ಗ ಹಿಡಿದ. ಬಾಗಿಲನ್ನೂ ಹಿಡಿದ.

"ಮಂದಿ ತಾಳ ಹಿಡದು ಚಪ್ಪಾಳಿ ಹೊಡದ್ರ, ಯವ್ವಾ, ಎದುರಿಗೆ ದೇವ್ರ ಬಂದ್ರೂ ನಿಂದರಬ್ಯಾಡ" ಎಂದು ಆತ ಉಪದೇಶಿಸುತ್ತಿದ್ದ. ಬೇರೆ ಮಕ್ಕಳು ದೆವ್ವಕ್ಕೆ ಹೆದರಿ ಬೆಳೆದರು. ಮಧುಮತಿ ತಾಳದ ಚಪ್ಪಾಳೆಗೆ ಹೆದರಿ ಬೆಳೆದಳು.

ಅಂಥವಳು ಹಾಡುಗಾರ್ತಿಯಾದಳು. ಅಪ್ಪನ ನೌಕರಿ ಮೈಸೂರಿನಲ್ಲಿದ್ದಾಗ ಕರ್ನಾಟಕ ಸಂಗೀತ ಕಲಿತು, ಮದುವೆಯಾಗಿ ಜಮಖಂಡಿಗೆ ಬಂದು ಶಾಲೆಯಲ್ಲಿ ಸಂಗೀತದ ಟೀಚರಾದಳು. ಹಿಂದುಸ್ತಾನಿಯೇ ಗಾಳಿಯಲ್ಲಿರುವ ಈ ಸೀಮೆಯಲ್ಲಿ ಕರ್ನಾಟಕ ಸಂಗೀತ ಹಾಡುವುದು ರೊಟ್ಟಿ ಪಂಕ್ತಿಯಲ್ಲಿ ಇಡ್ಲಿ ಬಡಿಸಿದಂತೆ. ಯಾರೂ ಬೇಡ ಅನ್ನುವುದಿಲ್ಲ, ಯಾರೂ ತಿನ್ನುವುದಿಲ್ಲ. ಮುಧೋಳದಲ್ಲಿ ಆಕೆ ತೋಡಿ ರಾಗವನ್ನು ಹಿಡಿದು ನಿಧಾನಕ್ಕೆ ಮೇಲೇರುತ್ತಿದ್ದಾಗ, ಊಟಕ್ಕೆ ಎಲೆ ಹಾಕಿದ್ದಾರೆಂಬ ಸುದ್ದಿ ಹಬ್ಬಿತು. ಸಭೆ ಎದ್ದು ಹೋಯಿತು. ತೋಡಿ ಅರ್ಧಕ್ಕೇ ನಿಂತಿತು. ಅಂದಿನಿಂದ ಆ ರಾಗವನ್ನು ಆಕೆ ಎಲ್ಲೂ ಹಾಡಲಿಲ್ಲ.

ಹೀಗಿರುವಾಗ ಜರ್ಮನಿಯ ಕೊಲೋನಿನ ಒಂದು ಸಂಗೀತ ಸಂಘ ಆಕೆಯನ್ನು ಕರೆಯಿತು. ಪಿಟೀಲು, ಮೃದಂಗದವರು ಅಲ್ಲೇ ನೆಲೆಸಿದ ತಮಿಳರಿದ್ದರು. ತಂಬೂರಿ ಮಾತ್ರ ಕರೆಂಟಿನ ಪೆಟ್ಟಿಗೆಯದು ಬೇಡ, ಮನುಷ್ಯರೇ ಮೀಟಬೇಕೆಂದು ಸಂಘದವರ ಹಟ. ಭಜನೆಯಲ್ಲಿ ತಂಬೂರಿ ಹಿಡಿಯುವ ಮಾಮಾನನ್ನು ಮಧುಮತಿ ಕೇಳಿದಳು.

"ಇದ ಕಡೀದು, ಮಾಮಾ. ಅಲ್ಲಿ ಮಂದಿಗೂ ಬ್ಯಾಡಾದ್ರ ನಾ ಮತ್ತ ಸ್ಟೇಜ್ ಹತ್ತಂಗಿಲ್ಲ. ಸಾಲ್ಯಾಗ ಪ್ರಾರ್ಥನಾ ಹೇಳಿಕೊಟ್ಟಕೊಂತ ಇರತೇನಿ."

"ಅದಿರ್ಲಿ. ಅಲ್ಲಿ ಬಾಗಿಲಾ ಎಷ್ಟ ಅದಾವ, ಕೇಳಿ ಏನ?"

ವಿಮಾನದಲ್ಲಿ ಗಗನಸಖಿ ಎರಡೂ ಕೈ ಚಾಚಿ ಬಾಗಿಲುಗಳನ್ನು ತೋರಿಸಿದಾಗ ಮಾಮಾನ ಕಣ್ಣು ತುಂಬಿ ಬಂತು. "ಎಷ್ಟ ಛಲೋ ಹುಡುಗಿ ಬೇ! ನಮ್ಮ ಕಡೆ ಲಗ್ನದಾಗ ಹಿಂಗ ಯಾರರ ಹೇಳತಾರೇನು?"

ಕಚೇರಿ ಒಂದು ಹಳೆಯ ಕಲ್ಲಿನ ಚರ್ಚಿನಲ್ಲಿತ್ತು. ವೇದಿಕೆಯ ಹಿಂದೆ ಒಂದು ಕೋಣೆ, ಒಂದೇ ಗೋಡೆಗೆ ಒಂದೇ ಅಚ್ಚಿನ ಎರಡು ಕರಿ ಬಾಗಿಲು. ಒಂದು ವೇದಿಕೆಗೆ, ಒಂದು ಓಣಿಗೆ. "ದೇವರಂಥಾ ಮಂದಿ" ಎಂದು ಮಾಮಾ ಎರಡಕ್ಕೂ ಕೈಮುಗಿದ.

ವೇದಿಕೆಯ ಮೇಲೆ ಕೂತು ತಲೆಯೆತ್ತಿದ ಮಧುಮತಿಗೆ ಮೊದಲು ಕಂಡದ್ದು ಬಿಳಿ ತಲೆಗಳ ಸಾಲು. ಮೊದಲು ಕೇಳಿಸಿದ್ದು ಏನೂ ಇಲ್ಲ. ಕಲ್ಯಾಣಿ ಹಾಡಿದಳು. ಯಾರೂ ತಲೆದೂಗಲಿಲ್ಲ. ಮೃದಂಗದವನು ಮುಕ್ತಾಯ ಹಾಕಿ ಬೆವರೊರೆಸಿಕೊಂಡ. ಒಬ್ಬರೂ ತೊಡೆ ತಟ್ಟಲಿಲ್ಲ, ವ್ಹಾ ಅನ್ನಲಿಲ್ಲ, ಕೆಮ್ಮಲಿಲ್ಲ ಸಹ. ಬನಹಟ್ಟಿಯಲ್ಲಿ ಹುಟ್ಟಿದವರಿಗೆ ಮಗ್ಗದ ಸದ್ದಿನಲ್ಲಿ ಗಾಢ ನಿದ್ದೆ ಬರುತ್ತದೆ. ಸದ್ದು ನಿಂತಾಗಲೇ ಎಚ್ಚರ. ನಿಂತಿತೆಂದರೆ ಎಲ್ಲೋ ಎಳೆ ಹರಿದಿದೆ ಎಂದರ್ಥ. ಆಕೆ ಒಂದೊಂದು ಸ್ವರದಲ್ಲೂ ಹರಿದ ಎಳೆಯನ್ನು ಹುಡುಕುತ್ತ, ಹೆದರುತ್ತ ಹಾಡಿದಳು.

"ಮಧೂ" ಹಿಂದಿನಿಂದ ಪಿಸುದನಿ. "ಇವ್ರು ಉಸರ ಆಡಾಕತ್ತಾರೋ ಇಲ್ಲೋ?"

"ಸುಮ್ನ ಬಾರಸ್ರಿ, ಮಾಮಾ."

"ಮುಧೋಳದವ್ರು ವಾಸಿ ಬೇ. ಎದ್ದರ ಹೋದ್ರು."

ತೋಡಿಯನ್ನು ಆಕೆ ಮುಟ್ಟಲೇ ಇಲ್ಲ. ಮಂಗಳ ಹಾಡಿ ಮುಗಿಸಿದಾಗ ಒಂದು ಕ್ಷಣ ಮತ್ತದೇ ಮೌನ. ಆಮೇಲೆ ಮಳೆಹನಿಯಂತೆ ಚದುರಿದ ಚಪ್ಪಾಳೆ. ಆಕೆ ಕೈಮುಗಿದಳು. ಪಕ್ಕವಾದ್ಯದವರು ವೇದಿಕೆಯ ಆ ಬದಿಗೆ ಇಳಿದು ಗೆಳೆಯರ ಜೋಡಿ ಮಾತಿಗೆ ನಿಂತರು. ಇವರಿಬ್ಬರೂ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು.

ನೀರಿನ ಗ್ಲಾಸು ತುಟಿಗೆ ತಾಗಿತ್ತೋ ಇಲ್ಲವೋ, ಹೊರಗೆ ಚದುರಿದ್ದ ಚಪ್ಪಾಳೆ ಒಂದಾಗತೊಡಗಿತು. ಸಾಲು ಕೂಡಿ, ಲಯ ಹಿಡಿದು, ಟಪ್. ಟಪ್. ಟಪ್. ಅದರ ಬೆನ್ನಿಗೇ ಮರದ ನೆಲದ ಮೇಲೆ ಬೂಟುಗಾಲು. ಧಡ್. ಧಡ್. ಮೇಜಿನ ಮೇಲಿಟ್ಟ ಗ್ಲಾಸಿನಲ್ಲಿ ನೀರು ನಡುಗಿತು.

ಮಧುಮತಿ ಮಾಮಾನ ಮುಖ ನೋಡಿದಳು. ಅಲ್ಲಿ ಮುಖವೇ ಇರಲಿಲ್ಲ, ಮೀಸೆ ಮಾತ್ರ ಇತ್ತು.

"ಬಂತು" ಎಂದ ಹಣಮಪ್ಪ. "ಜಮಖಂಡಿ ಇಲ್ಲೀಮಟಾ ಬಂತು."

"ಮಾಮಾ, ಇಷ್ಟೊತ್ತನಕ ಮರ್ಯಾದಿಗೆ ಸುಮ್ನಿದ್ರೇನ್ರಿ ಇವ್ರು?"

"ಮತ್ತೇನ? ಕಾಲಾಗ ಏನ ಹಾಕ್ಯಾರ ನೋಡಿದೇನು? ಚಪ್ಪಲಿ ಅಲ್ಲ, ಬೂಟು! ಏಳ, ಹೋಗೂಣು!"

"ಕಾಲ ಬರವಲ್ಲವು."

ನಿಜಕ್ಕೂ ಬರಲಿಲ್ಲ. ಮುಗೀತು ಎಂದುಕೊಂಡಳು. ಇಷ್ಟು ವರ್ಷದ ಸಾಧನೆ, ನಸುಕಿನ ಅಭ್ಯಾಸ, ಎಲ್ಲ ಇಲ್ಲಿಗೆ. ಇನ್ನು ಶಾಲೆಯ ಪ್ರಾರ್ಥನೆಯೇ ಗತಿ. ಹೊರಗೆ ಧಡ್ ಧಡ್ ಏರುತ್ತಲೇ ಇತ್ತು. ಮಾಮಾ ತಂಬೂರಿಯನ್ನು ಗದೆಯಂತೆ ಹೆಗಲಿಗೇರಿಸಿ ಮೇಜಿನ ಸುತ್ತ ತಿರುಗಿದ, ಇನ್ನೊಮ್ಮೆ ತಿರುಗಿದ, ತಲೆಗೆ ಸುತ್ತಿದ ಪಟಗಾ ಕಣ್ಣಿಗೆ ಜಾರಿತು. ಮನೆದೇವರ ಹೆಸರು ಕೂಗಿ, ಬಾಗಿಲು ತೆರೆದು, ನುಗ್ಗಿದ.

ಕೋಣೆಯೊಳಗೆ ವೇದಿಕೆಯ ಬೆಳಕು ಬಿತ್ತು. ಹೊರಗೆ ಒಮ್ಮೆಲೇ ಭೋರ್ಗರೆತ.

ಮಧುಮತಿ ತೆರೆದ ಬಾಗಿಲನ್ನೇ ನೋಡಿದಳು. ಜೀವಮಾನವಿಡೀ ಬಾಗಿಲ ಬದಿಗೆ ಕೂತ ಮನುಷ್ಯ, ನನ್ನ ಪಾಲಿನ ಬೂಟುಗಳನ್ನು ತಾನು ತಿನ್ನಲು ಒಬ್ಬನೇ ಹೋಗಿದ್ದಾನೆ! ಹೆದರಿಕೆ ಹೋಗಲಿಲ್ಲ, ಆದರೆ ಅದರ ಮೇಲೆ ನಾಚಿಕೆ ಹತ್ತಿ ಕೂತಿತು. ಗೋಡೆ ಹಿಡಿದು ಎದ್ದಳು.

ವೇದಿಕೆಯ ನಟ್ಟನಡುವೆ ಮಾಮಾ ತಂಬೂರಿಯನ್ನು ಎದೆಗೆ ಅಡ್ಡ ಹಿಡಿದು, ಕಣ್ಣು ಗಟ್ಟಿ ಮುಚ್ಚಿ ನಿಂತಿದ್ದ. "ತಪ್ಪಾತ್ರಿ! ಹುಡುಗಿ ಸಣ್ಣಾಕಿ ಐತ್ರಿ, ಬಿಟ್ಟಬಿಡ್ರಿ!" ಎಂದು ಶುದ್ಧ ಬನಹಟ್ಟಿ ಕನ್ನಡದಲ್ಲಿ ಜರ್ಮನ್ ಜನತೆಯನ್ನು ಬೇಡಿಕೊಳ್ಳುತ್ತಿದ್ದ. ಅವರು ಎದ್ದು ನಿಂತಿದ್ದರು, ಬೂಟು ಕಾಲಲ್ಲೇ ಇತ್ತು. ನಗುತ್ತಿದ್ದರು, ಕೆಲವರು ಕಣ್ಣೊರೆಸಿಕೊಳ್ಳುತ್ತಿದ್ದರು. ಮುಂದಿನ ಸಾಲಿನ ಅಜ್ಜಿಯೊಬ್ಬಳು ಮಧುಮತಿಯನ್ನು ಕಂಡವಳೇ ಒಂದು ಕೈ ಎದೆಗಿಟ್ಟು, ಇನ್ನೊಂದರ ಬೆರಳೆತ್ತಿ ತೋರಿಸಿದಳು. ಒಂದು. ಇನ್ನೊಂದು.

ಮಧುಮತಿಗೆ ಆಗ ಹೊಳೆಯಿತು. ಜಮಖಂಡಿಯಲ್ಲಿ 'ಇಳಿ' ಅನ್ನುವ ಅದೇ ಚಪ್ಪಾಳೆ ಇಲ್ಲಿ 'ಒನ್ಸ್ ಮೋರ್' ಅನ್ನುತ್ತಿದೆ.

"ಮಾಮಾ, ಕಣ್ಣ ತಗೀರಿ. ಕೂಡ್ರಿ. ಮತ್ತೊಂದ ಹಾಡ ಅನ್ನಾಕತ್ತಾರ."

"ಖರೇನು?" ಎಂದು ಒಂದೇ ಕಣ್ಣು ತೆರೆದ ಹಣಮಪ್ಪ ಅಲ್ಲೇ ಕುಸಿದು ಕೂತ. ತಂಬೂರಿಯನ್ನು ಸರಿಮಾಡಿಕೊಂಡು ಮೀಟತೊಡಗಿದ. ಪಿಟೀಲು, ಮೃದಂಗದವರು ನಗುತ್ತ ಓಡಿಬಂದರು. ಮಧುಮತಿ ಕಣ್ಣು ಮುಚ್ಚಿ, ಮುಧೋಳದಲ್ಲಿ ಅರ್ಧಕ್ಕೆ ಬಿಟ್ಟಿದ್ದ ತೋಡಿಯನ್ನು ಬಿಟ್ಟಲ್ಲಿಂದಲೇ ಎತ್ತಿಕೊಂಡಳು. ದನಿ ಮೊದಲು ನಡುಗಿತು. ಆಮೇಲೆ ಆ ನಡುಕವೂ ರಾಗದ್ದೇ ಆಯಿತು. ಕೊನೆಯ ಸ್ವರದವರೆಗೆ ಒಬ್ಬರೂ ಏಳಲಿಲ್ಲ.

ಊರಿಗೆ ಬಂದ ಮೇಲೆ ಈ ಸಾಹಸವನ್ನು ಮಧುಮತಿಯೇ ಎಲ್ಲರಿಗೂ ಹೇಳಿದಳು. ಕಥೆ ಬೀಳಗಿ ಮುಟ್ಟುವ ಹೊತ್ತಿಗೆ ಸಭೆಯಲ್ಲಿ ಹತ್ತು ಸಾವಿರ ಜನ ತುಂಬಿದ್ದರು, ಕೈಯಲ್ಲಿ ಬಂದೂಕುಗಳೂ ಬಂದಿದ್ದವು. ಬನಹಟ್ಟಿಯ ಭಜನಾ ಮಂಡಳಿ ಹಣಮಪ್ಪನಿಗೆ ಶಾಲು ಹೊದಿಸಿತು, ಆತ ಮುಂದೆ ಬರಲು ಒಪ್ಪದ್ದರಿಂದ ಬಾಗಿಲ ಬದಿಗೇ ಹೋಗಿ ಹೊದಿಸಿತು. ಮಧುಮತಿ ಮುಂದಿನ ಸಾಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಮಂಡಳಿಯ ಹಿರಿಯ ರಾಮಲಿಂಗಪ್ಪ ಕೈಮುಗಿದು ಕೇಳಿದ: "ಹಣಮಪ್ಪಾ, ಅಂಥಾ ಮಂದಿ ಎದುರಿಗೆ ಒಬ್ಬಾಂವ ಹೊಂಟೆಲ್ಲೋ! ಬಾಗಿಲಾ ತಗಿಯೂ ಮುಂದ ಮನಸಿನ್ಯಾಗ ಏನಿತ್ತು, ಅದನ್ನಷ್ಟ ಹೇಳ."

ಹಣಮಪ್ಪ ತೊಡೆಯ ಕೆಳಗಿನ ಚಪ್ಪಲಿಯನ್ನು ಸರಿಮಾಡಿಕೊಂಡ.

"ಓಣಿ ಬಾಗಿಲಾ ಅಂತ ತಗದ್ನಿ" ಎಂದ. "ಅದು ಸ್ಟೇಜಿಂದಿತ್ತು."